ಆರು ಹೆಂಗಸರ ಮಷೀನು

ಸಿಟ್ಟು ಬಂದರೆ ಬೇರೆಯವರ ಕೈ ನಡುಗುತ್ತದೆ. ಬಿಳಿಗಿರಿಯ ಕೈ ಅಲುಗದೆ ನಿಂತುಬಿಡುತ್ತದೆ. ಕಾದ ಸೋಲ್ಡರಿಂಗ್ ಕಡ್ಡಿಯನ್ನು ಕೂದಲಿನಷ್ಟು ಸಣ್ಣ ತಾಮ್ರದ ಗೆರೆಯ ಮೇಲೆ ಇಡಬೇಕಾದಾಗ ಅವನು ಬೇಕೆಂದೇ ಯಾರನ್ನಾದರೂ ನೆನೆಸಿಕೊಳ್ಳುತ್ತಾನೆ. ನೆನೆಸಿಕೊಳ್ಳಲು ಜನಕ್ಕೇನೂ ಬರವಿಲ್ಲ. ಅಂಗಡಿಯ ಮಾಲೀಕ ರಾಜಣ್ಣ ಇದ್ದಾನೆ. ಬಿಳಿಗಿರಿ ಮೂರು ದಿನ ಬೆನ್ನು ಬಗ್ಗಿಸಿ ರಿಪೇರಿ ಮಾಡಿದ ಆಂಪ್ಲಿಫೈಯರನ್ನು ಗಿರಾಕಿಯ ಕೈಗಿಡುತ್ತ "ನಾನೇ ಕುಂತು ಮಾಡ್ದೆ ಸಾ" ಅನ್ನುವವನು. ಕೆಲಸ ಕೇಳಲು ಹೋದಾಗ ಡಿಪ್ಲೊಮಾ ಎಲ್ಲಿ, ಸರ್ಟಿಫಿಕೇಟ್ ಎಲ್ಲಿ ಎಂದು ಕೇಳಿದ ಆಫೀಸಿನವರಿದ್ದಾರೆ. ಎಲ್ಲರಿಗಿಂತ ಮೇಲೆ, ಎಂಟನೇ ಕ್ಲಾಸಿನ ಹಾಡಿನ ಮೇಷ್ಟ್ರಿದ್ದಾರೆ.

ಯಳಂದೂರಿನ ಕಡೆ ಅವನು ಓದುತ್ತಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಇಪ್ಪತ್ತು ಹುಡುಗರನ್ನು ಸಾಲಾಗಿ ನಿಲ್ಲಿಸಿ ಸಮೂಹಗಾನ ಕಲಿಸಿದ್ದರು. ಮೇಷ್ಟ್ರು ಒಬ್ಬೊಬ್ಬನ ಬಾಯಿಯ ಹತ್ತಿರ ಕಿವಿ ತಂದು ಕೇಳುತ್ತ ಬಂದವರು ಇವನ ಮುಂದೆ ನಿಂತರು. "ನೀನು ಬಾಯಿ ಆಡಿಸಿದರೆ ಸಾಕು. ದನಿ ಬಿಡಬೇಡ. ಎಲ್ಲರದೂ ಒಂದೇ ಸಮ ಬರ್ತಾ ಇದೆ, ನಿಂದೊಂದು ಸೊಟ್ಟ." ಬಿಳಿಗಿರಿ ಬಿಳಿ ಅಂಗಿ ಹಾಕಿಕೊಂಡು ಸ್ಟೇಜಿನ ಮೇಲೆ ಹಾಡು ಮುಗಿಯುವವರೆಗೂ ಬಾಯಿ ಆಡಿಸಿದ. ಕೆಳಗೆ ಕುಳಿತಿದ್ದ ಅವ್ವ ಮನೆಗೆ ಹೋಗುವ ದಾರಿಯಲ್ಲಿ ಹೇಳಿದಳು: "ಎಲ್ಲಾರ್ಗಿಂತ ನಿನ್ ದನಿಯೇ ಕೇಳ್ತು ಕಣ್ಲಾ ಮಗ."

ಮುಂದಿನ ವರ್ಷ ಅವನು ಶಾಲೆ ಬಿಟ್ಟ. ಬಿಡಲು ಬೇರೆ ಕಾರಣಗಳೂ ಇದ್ದವು. ಆದರೆ ಯಾರಾದರೂ ಕೇಳಿದರೆ ಅವನಿಗೆ ನೆನಪಾಗುವುದು ಇದೊಂದೇ.

ಈಗ ಅವನಿಗೆ ಇಪ್ಪತ್ತೈದು. ದಿನಾ ಯಳಂದೂರಿನಿಂದ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು ರಾಜಣ್ಣನ ಸೌಂಡ್ ಸರ್ವಿಸ್ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂರುತ್ತಾನೆ. ಮುಂದುಗಡೆ ಶಾಮಿಯಾನದವರು, ಮದುವೆಯವರು, ಗಣಪತಿ ಕಮಿಟಿಯವರು. ಹಿಂದೆ ಬಿಚ್ಚಿದ ಯಂತ್ರಗಳ ಹೊಟ್ಟೆ.

ಮಾರ್ಚ್ ತಿಂಗಳ ಮೊದಲ ವಾರ, ಮುಳ್ಳೂರಿನ ಆಶಾರಾಣಿ ಎಂಬ ಹುಡುಗಿ ಗೂಡ್ಸ್ ಆಟೋದಲ್ಲಿ ಕೌದಿ ಸುತ್ತಿದ ಉದ್ದನೆಯ ವಸ್ತುವೊಂದನ್ನು ತಂದಳು. ಕೊಳ್ಳೇಗಾಲದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಅದನ್ನು ಇಳಿಸಲು ನಾಲ್ಕು ಕೈ ಬೇಕಾಯಿತು.

"ಇದೇನ್ ಕೂಸೆ, ಮನೆ ಬಾಗ್ಲು ಕಿತ್ಕಂಡ್ ಬಂದಿದಿಯಾ?" ಅಂದ ರಾಜಣ್ಣ.

"ನಮ್ಮಜ್ಜೀದು ಸಾ. ಕೀಬೋರ್ಡು."

ಕೌದಿ ಬಿಚ್ಚಿದರೆ ಒಳಗಿದ್ದದ್ದು ಜಪಾನಿನ ಹಳೆಯ ಸಿಂತಸೈಜರು. ಕಬ್ಬಿಣದ ಮೈ, ಎರಡೂ ಪಕ್ಕ ಮರ, ಮೇಲೆ ಸಾಲು ಸಾಲು ಗುಂಡಿ. ಬಿಳಿಗಿರಿ ಇಂಥದನ್ನು ಫೋನಿನಲ್ಲಿ ನೋಡಿದ್ದ, ಕೈಯಲ್ಲಿ ಮುಟ್ಟಿರಲಿಲ್ಲ.

ಆಶಾರಾಣಿ ಹೇಳಿದ ಕತೆ ಚಿಕ್ಕದು. ಅವಳ ಅಜ್ಜಿ ಚಿಕ್ಕನಿಂಗಮ್ಮ ನಾಟಿಯಾಳು. ಭತ್ತದ ಗದ್ದೆಯಲ್ಲಿ ಹಾಡುತ್ತಿದ್ದವಳನ್ನು ಕೊಳ್ಳೇಗಾಲದ ಸದಾಶಿವಪ್ಪ ಎಂಬುವರು ತಮ್ಮ ಆರ್ಕೆಸ್ಟ್ರಾಕ್ಕೆ ಕರೆದಿದ್ದರು, ಮೂವತ್ತು ವರ್ಷದ ಮಾತು. ಅವರು ಸಾಯುವ ಮುಂಚೆ ಈ ಮಷೀನನ್ನು ತಂದು ಅಜ್ಜಿಯ ಮನೆಯಲ್ಲಿಟ್ಟು ಹೋದರು. ಎರಡು ವರ್ಷದಿಂದ ಅದು ಉಸಿರೆತ್ತಿಲ್ಲ. ಈಗ ಅಜ್ಜಿಯ ಗಂಟಲಲ್ಲಿ ಗಂಟು. ಮೈಸೂರಿನಲ್ಲಿ ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ, ಇನ್ನು ಮೂರು ವಾರ. ಆಮೇಲೆ ದನಿ ಉಳಿಯುತ್ತದೆಂದು ಡಾಕ್ಟರು ಖಾತ್ರಿ ಕೊಡುತ್ತಿಲ್ಲ. ಅಷ್ಟರೊಳಗೆ ಅಜ್ಜಿಯ ದೊಡ್ಡ ನಾಟಿ ಪದವನ್ನು ಪೂರ್ತಿ ಫೋನಿನಲ್ಲಿ ತುಂಬಿಕೊಳ್ಳಬೇಕೆಂದು ಆಶಾರಾಣಿಯ ಆಸೆ. ಅಜ್ಜಿಯದು ಒಂದೇ ಹಟ, ಈ ಮಷೀನು ಬಂದರೆ ಹಾಡುತ್ತೇನೆ, ಇಲ್ಲದಿದ್ದರೆ ಇಲ್ಲ.

"ಅಷ್ಟೇ ತಾನೆ?" ರಾಜಣ್ಣ ಶೋಕೇಸಿನ ಕಡೆ ಕೈ ತೋರಿಸಿದ. "ಹೊಸಾ ಕೀಬೋರ್ಡ್ ಉಯ್ಯಿ. ಐನೂರ್ ಥರ ಸೌಂಡದೆ."

"ಫ್ರೆಂಡ್ ಒಬ್ಳ ತಾವಿಂದ ತಕಂಡೋಗಿದ್ದೆ ಸಾ. ಅಜ್ಜಿ ಒಂದ್ಸಲ ಒತ್ತಿ ನೋಡ್ಬುಟ್ಟು, 'ಒಬ್ಳೇ ಆರ್ ಸೀರೆ ಉಟ್ಕಂಡ್ ಬಂದಂಗದೆ, ಎತ್ಕಂಡೋಗು' ಅಂದ್ಲು."

ರಾಜಣ್ಣ ನಕ್ಕ. ಗುಜರಿಗೆ ಹಾಕು ಅಂದ. ಇದರ ಪಾರ್ಟು ಈಗ ಜಪಾನಿನಲ್ಲೂ ಸಿಗುವುದಿಲ್ಲ, ದೊಡ್ಡ ದೊಡ್ಡ ಇಂಜಿನಿಯರುಗಳೇ ಕೈ ಹಾಕುವುದಿಲ್ಲ ಅಂದ. ಅಷ್ಟು ಅಂದದ್ದೇ ಸಾಕಾಯಿತು.

"ನಾನ್ ಮಾಡ್ತೀನಿ," ಅಂದ ಬಿಳಿಗಿರಿ, ಒಳಗಿನಿಂದಲೇ.

ಆಶಾರಾಣಿ ಬಾಗಿಲ ಹತ್ತಿರ ಬಂದು ಅವನನ್ನು ನೋಡಿದಳು. "ಅಜ್ಜಿ ಒಂದ್ ಮಾತ್ ಹೇಳ್ ಕಳ್ಸವ್ಳೆ. ಎಂಗಿತ್ತೋ ಅಂಗೇ ಬರ್ಬೇಕಂತೆ."

"ಅದ್ಕಿಂತ ಚೆನ್ನಾಗ್ ಬತ್ತದೆ ಅನ್ನು."

ಎಂಟು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ರಾಜಣ್ಣ ಗೊಣಗಿದ, ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಚ್ಚಳ ತೆಗೆದಾಗ ಇಲಿಯೊಂದು ಅಲ್ಲೇ ಸಂಸಾರ ಹೂಡಿ ಖಾಲಿ ಮಾಡಿಕೊಂಡು ಹೋಗಿತ್ತು. ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿತ್ತು. ಒಂದೊಂದು ಗೆರೆಯ ಬದಲು ಒಂದೊಂದು ಸಣ್ಣ ತಂತಿ ಎಳೆದ. ಉಬ್ಬಿದ ಕೆಪಾಸಿಟರುಗಳನ್ನು ಬದಲಿಸಿದ. ಎಳೆಯುತ್ತ ಎಳೆಯುತ್ತ ಅದರ ಒಳಗಿನ ಬುದ್ಧಿ ಅವನಿಗೆ ತಿಳಿಯತೊಡಗಿತು. ಯಾರೂ ಕೂರಿಸಿಕೊಂಡು ಹೇಳದೆ, ಬೆರಳಿನಿಂದಲೇ.

ಶೋಕೇಸಿನಲ್ಲಿರುವ ಹೊಸ ಕೀಬೋರ್ಡು ದನಿಯ ಫೋಟೋ ಇಟ್ಟುಕೊಂಡಿರುತ್ತದೆ. ನೂರು ಸಲ ಒತ್ತಿದರೆ ನೂರು ಸಲವೂ ಅದೇ ಫೋಟೋ ತೋರಿಸುತ್ತದೆ. ಇದು ಹಾಗಲ್ಲ, ಒತ್ತಿದಾಗಲೆಲ್ಲ ದನಿಯನ್ನು ಹೊಸದಾಗಿ ಹುಟ್ಟಿಸಬೇಕು. ಅದಕ್ಕೆ ಒಳಗೆ ಆರು ಸರ್ಕ್ಯೂಟ್ ಹಲಗೆ. ಒಂದೊಂದು ಹಲಗೆಯೂ ಒಂದೊಂದು ಪೂರ್ತಿ ಕೊರಳು. ಮೊದಲು ಒಂದು ಕಡೆ ಒರಟಾದ ಹಸೀ ದನಿ ಹುಟ್ಟುತ್ತದೆ, ಗರಗಸ ಎಳೆದ ಹಾಗೆ. ಆಮೇಲೆ ಅದು ಒಂದು ಜರಡಿಯೊಳಗೆ ಹೋಗಿ ಚುಚ್ಚುವುದನ್ನೆಲ್ಲ ಕಳೆದುಕೊಂಡು ಬರುತ್ತದೆ. ಕೊನೆಯ ಭಾಗವೊಂದು, ಈ ದನಿ ಹೇಗೆ ಒಳಗೆ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಎದ್ದು ಹೋಗಬೇಕು ಎಂದು ತೀರ್ಮಾನಿಸುತ್ತದೆ. ಆರು ಕೊರಳು ಇರುವುದರಿಂದ ಕೀಬೋರ್ಡಿನ ಬಿಳಿ-ಕಪ್ಪು ಮನೆಗಳಲ್ಲಿ ಆರನ್ನು ಒಟ್ಟಿಗೆ ಒತ್ತಬಹುದು. ಒಂದೇ ಮನೆಯನ್ನು ಬಿಟ್ಟು ಬಿಟ್ಟು ಒತ್ತಿದರೆ ಮೊದಲ ಸಲ ಮೊದಲ ಹಲಗೆ ನುಡಿಯುತ್ತದೆ, ಎರಡನೇ ಸಲ ಎರಡನೆಯದು. ಆರಾದ ಮೇಲೆ ಮತ್ತೆ ಮೊದಲಿನದು. ಸರದಿ ತಪ್ಪುವುದಿಲ್ಲ.

ಒಂಬತ್ತನೇ ದಿನ ಮಷೀನು ನುಡಿಯಿತು. ಬಿಳಿಗಿರಿ ಒಂದೇ ಮನೆಯನ್ನು ಆರು ಸಲ ಒತ್ತಿದ. ಅವನ ಮುಖ ಗಂಟಿಕ್ಕಿತು.

ಆರೂ ಹಲಗೆ ಆರು ದಾರಿ ಹಿಡಿದಿದ್ದವು. ಒಂದು ಶ್ರುತಿಗಿಂತ ಕೆಳಗೆ ಕೂತಿತ್ತು. ಒಂದು ಮೂಗಿನಲ್ಲಿ ಮಾತಾಡುತ್ತಿತ್ತು. ಒಂದು ತಡವಾಗಿ ಬರುತ್ತಿತ್ತು. ಹಲಗೆಗಳ ಮೇಲೆ ಶ್ರುತಿ, ಜರಡಿ, ಜೋರು ಇವನ್ನು ಹೊಂದಿಸುವ ಪುಟ್ಟ ಸ್ಕ್ರೂಗಳಿರುತ್ತವೆ. ತಯಾರಿಸಿದವರು ಸರಿಯಾಗಿ ಹೊಂದಿಸಿ, ಮೇಲೆ ಒಂದು ತೊಟ್ಟು ಬಣ್ಣ ಬಿಟ್ಟು ಮೊಹರು ಮಾಡಿರುತ್ತಾರೆ. ಇಲ್ಲಿ ಎಲ್ಲ ಮೊಹರೂ ಒಡೆದಿತ್ತು. ಯಾವನೋ ಕೈ ಹಾಕಿದ್ದ. ಒಂದು ಹಲಗೆಗೆ ಬೇಡದ ಕೆಪಾಸಿಟರೊಂದನ್ನು ಬೇರೆ ಬೆಸೆದಿದ್ದ. ಹಲಗೆಗಳ ಮೂಲೆಯಲ್ಲಿ ಬಣ್ಣ ಬಣ್ಣದ ದಾರದ ತುಂಡುಗಳು ಸಿಕ್ಕಿಕೊಂಡಿದ್ದವು, ಇಲಿ ಎಳೆದುಕೊಂಡು ಬಂದದ್ದು.

"ಗೊತ್ತಿಲ್ದಿದ್ ಮೇಲೆ ಯಾಕ್ಲಾ ಮುಟ್ತೀರಿ?" ಎಂದು ಕಾಣದ ಆ ಮನುಷ್ಯನನ್ನು ಬೈದ. ದಾರಗಳನ್ನು ಚಿಮಟದಿಂದ ಕಿತ್ತು ಕಸದ ಡಬ್ಬಿಗೆ ಹಾಕಿದ. ಹೆಚ್ಚಿನ ಕೆಪಾಸಿಟರನ್ನು ತೆಗೆದು ತನ್ನ ಬಿಡಿಭಾಗದ ಡಬ್ಬಿಗೆ ಹಾಕಿದ. ಆಮೇಲೆ ಫೋನಿನ ಶ್ರುತಿ ಆ್ಯಪ್ ಮುಂದಿಟ್ಟುಕೊಂಡು ಮೂರು ದಿನ ಕೂತು ಸ್ಕ್ರೂ ತಿರುಗಿಸಿದ. ಕೈ ಕಲ್ಲಿನ ಹಾಗೆ ನಿಂತಿತ್ತು. ಒಂದು ಕೂದಲಿನಷ್ಟು ಆಚೆ ಹೋದರೂ ಬಿಡಲಿಲ್ಲ. ಕೊನೆಗೆ ಆರೂ ಹಲಗೆ ಒಂದೇ ಕೊರಳಾಯಿತು. ಯಾವುದು ಯಾವುದೆಂದು ಕಣ್ಣು ಮುಚ್ಚಿ ಕೇಳಿದರೆ ಅವನಿಗೇ ತಿಳಿಯುತ್ತಿರಲಿಲ್ಲ.

ರಾಜಣ್ಣ ಟೀ ಲೋಟ ಹಿಡಿದುಕೊಂಡೇ ಒಳಗೆ ಬಂದ. ಹೊಗಳಬೇಕೋ ಬೇಡವೋ ಎಂದು ನೋಡುತ್ತ ನಿಂತು, ಕೊನೆಗೆ ಅಂದ. "ಬಡ್ಡೀಮಗ್ನೆ, ಹೊಸಾದ್ರಂಗೇ ಬತ್ತದಲ್ಲೋ!"

ಬಿಳಿಗಿರಿ ಆ ಮಾತನ್ನು ಜೇಬಿನಲ್ಲಿಟ್ಟುಕೊಂಡು ಮುಳ್ಳೂರಿಗೆ ಹೋದ.

ಚಿಕ್ಕನಿಂಗಮ್ಮನ ಮನೆ ಊರಿನ ಕೊನೆಯಲ್ಲಿ, ಹಿತ್ತಲಿನಿಂದಲೇ ಗದ್ದೆ ಶುರು. ಎಪ್ಪತ್ತು ದಾಟಿದ ಹೆಂಗಸು, ಕೊರಳಿಗೆ ಮಗ್ಗದ ಟವೆಲ್ ಸುತ್ತಿಕೊಂಡಿದ್ದಳು. ನಡು ಇನ್ನೂ ಸ್ವಲ್ಪ ಬಗ್ಗಿಯೇ ಇತ್ತು, ಈಗಷ್ಟೇ ಕೆಸರಿನಿಂದ ಎದ್ದು ಬಂದವಳಂತೆ. ಮಷೀನನ್ನು ನಡುಮನೆಯಲ್ಲಿಟ್ಟು ಸ್ಪೀಕರಿಗೆ ಸಿಕ್ಕಿಸಿದಾಗ ಅವಳು ಬಲಗೈ ತೋರುಬೆರಳನ್ನು ಸೆರಗಿಗೆ ಒರೆಸಿಕೊಂಡು ಬಂದು ಕೂತಳು.

"ಬಂದ್ರೇನವ್ವ ಎಲ್ಲಾರೂವೆ?" ಅಂದಳು ಮಷೀನಿಗೆ.

ಒಂದು ಮನೆ ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. ಆರು ಸಲ. ಪ್ರತಿ ಸಲವೂ ತಲೆಯನ್ನು ಒಂಚೂರು ಪಕ್ಕಕ್ಕೆ ತಿರುಗಿಸಿ, ಯಾರೋ ಬಾಗಿಲಿನಿಂದ ಬರುವುದನ್ನು ನೋಡುವ ಹಾಗೆ. ಆರಾದ ಮೇಲೆ ಇನ್ನೊಂದು ಸುತ್ತು ಒತ್ತಿದಳು. ಬೆರಳು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಯಾರ್ನೂ ಕರ್ಕಂಡ್ ಬಂದಿಲ್ವಲ್ಲಪ್ಪ ನೀನು."

ಬಿಳಿಗಿರಿಗೆ ಅರ್ಥವಾಗಲಿಲ್ಲ. "ಯಾರ್ನ ಕರ್ಕಂಡ್ ಬರ್ಬೇಕಿತ್ತು? ಮಷೀನ್ ಸರೀಗ್ ಮಾಡಿವ್ನಿ. ಇದ್ರಷ್ಟ್ ಸಮ ಯಾವ ಇಂಜಿನಿಯರೂ ಮಾಡಕಿಲ್ಲ."

"ಸಮ ಆಗದೆ. ಅದ್ಕೇ ಯಾರೂ ಇಲ್ಲ."

ಆಮೇಲೆ ಅವಳು ಹೇಳಿದಳು, ನಿಧಾನವಾಗಿ, ಗಂಟಲಿಗೆ ನೋವಾಗದಂತೆ. ನಾಟಿ ಪದವನ್ನು ಒಬ್ಬಳು ಹೇಳಿಕೊಡುತ್ತಾಳೆ, ಸಾಲಿನಲ್ಲಿ ಬಗ್ಗಿರುವ ಉಳಿದವರು ಸೊಲ್ಲು ಎತ್ತುತ್ತಾರೆ. ಅವಳ ಸಾಲಿನಲ್ಲಿ ಆರು ಜನ. ಸದಾಶಿವಪ್ಪ ಇವಳನ್ನು ಆರ್ಕೆಸ್ಟ್ರಾಕ್ಕೆ ಕರೆದಾಗ ಆ ಆರು ಜನ ಬರುವ ಹಾಗಿರಲಿಲ್ಲ, ಆಳಿನ ಕೆಲಸ ಬಿಟ್ಟು ಯಾರು ಬರುತ್ತಾರೆ? ಇವಳಿಗೆ ಸೊಲ್ಲಿಲ್ಲದೆ ಬಾಯಿ ಬರಲಿಲ್ಲ. ಆಗ ಆ ಮನುಷ್ಯ ಏನು ಮಾಡಿದ? ಒಂದು ನಾಟಿಯ ಕಾಲವೆಲ್ಲ ಸೈಕಲ್ಲಿನಲ್ಲಿ ಬಂದು ಬದುವಿನ ಮೇಲೆ ಕೂತು ಒಬ್ಬೊಬ್ಬರ ದನಿಯನ್ನೂ ಕಿವಿಯಲ್ಲಿ ತುಂಬಿಕೊಂಡು ಹೋದ. ಮಷೀನು ಬಿಚ್ಚಿ ಒಂದೊಂದು ಹಲಗೆಗೆ ಒಬ್ಬೊಬ್ಬಳನ್ನು ಕೂರಿಸಿದ. ಮರೆಯಬಾರದೆಂದು ಅವರವರ ಸೀರೆ ಅಂಚಿನ ದಾರವನ್ನೇ ಕೇಳಿ ತೆಗೆದುಕೊಂಡು ಹಲಗೆಗೆ ಕಟ್ಟಿದ. ಅಲ್ಲಿಂದೀಚೆಗೆ ಇವಳು ಒಂದು ಸಾಲು ಹಾಡಿ ಬೆರಳು ಒತ್ತಿದರೆ ಸೋಮಮ್ಮ ಬರುತ್ತಿದ್ದಳು. ಮುಂದಿನ ಸಾಲಿಗೆ ಶಿವನಂಜಮ್ಮ. ಸಾಲಿನಲ್ಲಿ ನಿಂತ ಹಾಗೇ, ಸರದಿಯಂತೆ.

"ಸೊಟ್ಟ ಇತ್ತು ಕಣಜ್ಜಿ," ಬಿಳಿಗಿರಿಯ ದನಿ ಏರಿತು. "ಶ್ರುತಿ ಇರ್ಲಿಲ್ಲ. ಒಂದಂತೂ ಬರೀ ಮೂಗು. ನೆಟ್ಟಗ್ ಮಾಡಿವ್ನಿ!"

"ಸೊಟ್ಟ ಅಲ್ಲ ಕಣ್ ಮಗ. ಅದು ಶಿವನಂಜಿ."

ಆಶಾರಾಣಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ಎಂಗಿತ್ತೋ ಅಂಗೇ ಅಂತ ಹೇಳಿರ್ಲಿಲ್ವಾ ನಾನು?" ಅಂದಳು.

ಅವನು ಎದ್ದು ಹೊರಗೆ ಬಂದ. ಹಿತ್ತಲಿನ ಆಚೆ ಬೇಸಿಗೆ ಬೆಳೆಯ ಗದ್ದೆ ಮೊಣಕಾಲೆತ್ತರ ನಿಂತಿತ್ತು. ಬದುವಿನ ಮೇಲೆ ನಡೆಯುತ್ತ ಹೋದ. ಮೊದಲು ಮುದುಕಿಯ ಮೇಲೆ ಸಿಟ್ಟು ಬಂತು. ಆಮೇಲೆ ಸತ್ತ ಸದಾಶಿವಪ್ಪನ ಮೇಲೆ. ಒಂದು ಚೀಟಿ ಬರೆದಿಡಬಾರದಾಗಿತ್ತೆ ಆ ಮನುಷ್ಯ. ಬರೆದಿಟ್ಟಿದ್ದ, ದಾರದಲ್ಲಿ. ಓದಲು ಬಾರದವನು ಬಿಳಿಗಿರಿ. ಕೆಂಪು ದಾರವೊಂದು ಚಿಮಟದಲ್ಲಿ ಅಂಟಿಕೊಂಡು ಬಿಡದೆ ಹಟ ಮಾಡಿದ್ದು, ಅದನ್ನು ಬೆರಳಿನಿಂದ ಒರೆಸಿ ಡಬ್ಬಿಗೆ ಹಾಕಿದ್ದು ನೆನಪಾಯಿತು. ಆ ಡಬ್ಬಿಯ ಕಸವನ್ನು ನಗರಸಭೆಯ ಗಾಡಿ ಒಯ್ದು ಮೂರು ದಿನವಾಗಿತ್ತು.

ಸಿಟ್ಟಾಗಲು ಇನ್ನು ಯಾರೂ ಉಳಿಯಲಿಲ್ಲ. ಆಗ ಹಾಡಿನ ಮೇಷ್ಟ್ರು ಕಣ್ಣೆದುರು ಬಂದರು. ಒಬ್ಬೊಬ್ಬನ ಬಾಯಿಯ ಹತ್ತಿರವೂ ಕಿವಿ ತಂದು, ಬಗ್ಗಿ ಬಗ್ಗಿ ಕೇಳುತ್ತ. ಬಿಳಿಗಿರಿ ಯಾವಾಗಲೂ ಆ ಮುಖವನ್ನು ಕೆಳಗಿನಿಂದ, ಎಂಟನೇ ಕ್ಲಾಸಿನ ಎತ್ತರದಿಂದ ನೋಡುತ್ತಿದ್ದ. ಈ ಸಲ ಮೇಷ್ಟ್ರ ಕೈಯಲ್ಲಿ ಸ್ಕ್ರೂಡ್ರೈವರಿತ್ತು. ಮೂರು ದಿನ ಕೂತು, ಆರು ಹೆಂಗಸರಿಗೆ, ನೀವು ಬಾಯಿ ಆಡಿಸಿದರೆ ಸಾಕು ಎಂದು ಹೇಳಿದ್ದು ತಾನೇ. ಅದನ್ನು ಹೇಳುವಾಗ ಎಷ್ಟು ಸುಖವಾಗಿತ್ತು!

ಅವನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಕಾಲುವೆಯ ನೀರು ತಿರುಗುವ ಕಡೆ ಸದ್ದು ಮಾಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಎದ್ದು ವಾಪಸ್ ಹೋಗಿ ಬಾಗಿಲಲ್ಲಿ ನಿಂತ.

"ಅವರ್ ದನಿ ಎಲ್ಲಾರಾ ರೆಕಾರ್ಡ್ ಆಗಿದ್ದದಾ ಅಜ್ಜಿ?"

"ಕ್ಯಾಸೆಟ್ ಇತ್ತು. ಬೂಷ್ಟು ಹಿಡ್ದು ಎಂದೋ ಓಯ್ತು."

"ಆರ್ ಜನದಲ್ಲಿ ಯಾರಾರಾ ಬದುಕವ್ರಾ?"

"ಸೋಮಿ ಅವ್ಳೆ. ಕೌದಳ್ಳೀಲಿ, ಮಗಳ ಮನೇಲಿ." ಮುದುಕಿ ಅವನನ್ನೇ ನೋಡಿದಳು. "ಯಾಕ್ಲಾ?"

"ಮಷೀನ್ ಎತ್ಕಂಡ್ ಅಲ್ಲೀಗೇ ಓಗವ. ನೀವಿಬ್ರೂ ಹೇಳಿ, ನಾನ್ ತಿರುಗಿಸ್ತೀನಿ. ಮೈಸೂರಿಗ್ ಓಗಕ್ ಇನ್ನೂ ಎಂಟ್ ದಿನ ಅದೆ."

"ಮೊದ್ಲೇ ಕೇಳಕ್ ಏನಾಗಿತ್ತು ನಿಂಗೆ?"

ಕೇಳುವುದು ಗೊತ್ತಿಲ್ಲದವರ ಕೆಲಸ ಎಂದು ಅವನು ಅಲ್ಲಿಯವರೆಗೆ ತಿಳಿದಿದ್ದ.

ಮಾರನೇ ಬೆಳಿಗ್ಗೆ ಅದೇ ಗೂಡ್ಸ್ ಆಟೋದಲ್ಲಿ, ಅದೇ ಕೌದಿ ಸುತ್ತಿ, ಹನೂರಿನ ಮೇಲೆ ಕೌದಳ್ಳಿಗೆ ಹೊರಟರು. ಚಿಕ್ಕನಿಂಗಮ್ಮ ಡ್ರೈವರ್ ಪಕ್ಕ. ಬಿಳಿಗಿರಿ ಮತ್ತು ಆಶಾರಾಣಿ ಹಿಂದೆ, ಮಷೀನು ಕುಲುಕದಂತೆ ಎರಡು ಕಡೆ ಹಿಡಿದುಕೊಂಡು. ಹನೂರು ದಾಟಿದ ಮೇಲೆ ರಸ್ತೆಯ ಹೊಂಡಗಳಿಗೆಲ್ಲ ಅವನು ಒಂದೊಂದು ಬೈಗುಳ ಒಪ್ಪಿಸಿದ.

"ಯಾವಾಗ್ಲೂ ಇಂಗೇ ಉರೀತಿರ್ತೀಯಾ?" ಎಂದು ಆಶಾರಾಣಿ ಕೇಳಿದಳು.

"ಊಂ."

"ನಮ್ ಅಂಗ್ಡೀಲಿ ಅದ್ಕೂ ಮಾತ್ರೆ ಅದೆ."

ಸೋಮಮ್ಮನ ಮಗಳದ್ದು ರಸ್ತೆಬದಿಯಲ್ಲಿ ಚಿಲ್ಲರೆ ಅಂಗಡಿ, ಹಿಂದೆ ಮನೆ. ಸೋಮಮ್ಮ ಸಣ್ಣ ಮುದುಕಿ, ಬಾಯಲ್ಲಿ ಹಲ್ಲಿಲ್ಲ, ಎಲೆ ಅಡಿಕೆ ಕುಟ್ಟಿ ಹಾಕಿಕೊಂಡಿದ್ದಳು. ಚಿಕ್ಕನಿಂಗಮ್ಮನನ್ನು ಕಂಡು ಎದ್ದೇಳದೆ, "ಇನ್ನೂ ಸತ್ತಿಲ್ವೇ ನೀನು?" ಅಂದಳು.

"ನಿನ್ನ ಕಳಿಸ್ಬುಟ್ಟು ಆಮೇಕೆ ಓಯ್ತೀನಿ ಕಣೆ," ಅಂದಳು ಇವಳು. ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮಷೀನಿನ ಹೊಟ್ಟೆ ಬಿಚ್ಚಿ, ಸ್ಕ್ರೂಡ್ರೈವರ್ ಹಿಡಿದು ಬಿಳಿಗಿರಿ ನೆಲದ ಮೇಲೆ ಕೂತ. ಮೊದಲನೇ ಹಲಗೆ ಸೋಮಮ್ಮನದೇ. ಅವಳು ಸೊಲ್ಲು ಎತ್ತಿದಳು, ಅವನು ತಿರುಗಿಸಿದ. ದನಿ ಹತ್ತಿರ ಬಂತು. ಸೋಮಮ್ಮ ಕೈ ಅಡ್ಡ ಹಿಡಿದಳು.

"ಇದ್ಯಾರ್ದ್ಲಾ? ಇದು ಈಗಿನ್ ಮುದ್ಕಿ. ಆಗ ಇಷ್ಟ್ ಅಲ್ಲಾಡ್ತಿರ್ಲಿಲ್ಲ ನಾನು. ಗಟ್ಟಿ ನಿಲ್ಸು, ಅಲ್ಲಿ... ಒಸಿ ಬಿಸಿಲ್ ಹಾಕು."

ಬಿಸಿಲು ಹಾಕುವುದೆಂದರೆ ಏನು? ಅವನು ಜರಡಿಯ ಸ್ಕ್ರೂವನ್ನು ಅರ್ಧ ಸುತ್ತು ತೆರೆದ, ದನಿಯ ಮೇಲ್ಭಾಗ ಹೊಳೆಯಿತು. ಸೋಮಮ್ಮ ಅಗಿಯುವುದನ್ನು ನಿಲ್ಲಿಸಿದಳು. ಚಿಕ್ಕನಿಂಗಮ್ಮ ಅವಳ ಬೆನ್ನಿಗೊಂದು ಮೆಲ್ಲಗೆ ಗುದ್ದಿದಳು.

ಶಿವನಂಜಮ್ಮನಿಗೆ ಮೂಗು. "ಇನ್ನೂ ಹಿಂಡು. ನೆಗಡಿ ಆದಂಗಲ್ಲ, ಗಂಡನ್ ಮೇಲೆ ಮುನಿಸ್ಕಂಡಂಗೆ." ದೊಡ್ಡತಾಯಮ್ಮ ಶ್ರುತಿಗಿಂತ ಒಂದು ಎಳೆ ಕೆಳಗೆ. ಎಂದೂ ಮೇಲೆ ಹತ್ತಿದವಳಲ್ಲ, ಆದರೆ ಅವಳಿಲ್ಲದಿದ್ದರೆ ಉಳಿದವರಿಗೆ ಕಾಲ ಕೆಳಗೆ ನೆಲವೇ ಇಲ್ಲ. ಕೆಂಚಮ್ಮ ಎಮ್ಮೆ ಕರೆಯುವವಳಂತೆ. ಅವಳನ್ನು ಹೊಂದಿಸುವಾಗ ಇಬ್ಬರು ಮುದುಕಿಯರೂ ಸತ್ತವಳನ್ನು ಅಣಕಿಸಿ ಅಣಕಿಸಿ ನಕ್ಕು, ಚಿಕ್ಕನಿಂಗಮ್ಮ ಗಂಟಲು ಹಿಡಿದುಕೊಂಡು ಕೆಮ್ಮಿದಳು. ಆಶಾರಾಣಿ ನೀರು ತಂದು ಗದರಿದಳು.

ಐದನೆಯವಳು ಪುಟ್ಟಮಾದಮ್ಮ. ಎಷ್ಟು ತಿರುಗಿಸಿದರೂ ಅವಳು ಬರಲಿಲ್ಲ.

"ಬ್ಯಾಗ ಬತ್ತಾವ್ಳೆ," ಅಂದಳು ಸೋಮಮ್ಮ. "ಪುಟ್ಮಾದಿ ಯಾವತ್ತೂ ಹಿಂದ್ಲು. ಕೈಲಿರೋ ಪೈರ್ನ ನೆಟ್ಬುಟ್ಟೇ ಬಾಯ್ ಬುಡಾಳು."

ಬಿಳಿಗಿರಿಯ ಕೈ ನಿಂತಿತು. ಈ ಸಲ ಸಿಟ್ಟಿಗಲ್ಲ. ಚೀಲದಿಂದ ಬಿಡಿಭಾಗದ ಡಬ್ಬಿ ತೆಗೆದು ಬೆರಳಾಡಿಸಿ ಹುಡುಕಿದ. ಅಕ್ಕಿಕಾಳಿನಷ್ಟು ಚಿಕ್ಕದಾದ ಹಳೆಯ ಕೆಪಾಸಿಟರು ಸಿಕ್ಕಿತು. ಯಾವನೋ ಗೊತ್ತಿಲ್ಲದವನು ಬೆಸೆದದ್ದೆಂದು ತಾನು ಕಿತ್ತಿದ್ದು. ಅದನ್ನು ಅದೇ ಜಾಗಕ್ಕೆ ಬೆಸೆದು ಒತ್ತಿದ. ದನಿ ಒಂದು ಕ್ಷಣ ತಡೆದು, ಬಗ್ಗಿ ಎದ್ದ ಹಾಗೆ, ಬಂತು.

"ಬಂದ್ಲು ನೋಡು ಸೋಂಬೇರಿ!" ಇಬ್ಬರೂ ಒಟ್ಟಿಗೆ ಕೂಗಿದರು. ಬಿಳಿಗಿರಿ ತಲೆ ಎತ್ತಲಿಲ್ಲ. ಸದಾಶಿವಪ್ಪ ಎಂಬ ಮನುಷ್ಯನನ್ನು ಅವನು ನೋಡಿರಲಿಲ್ಲ. ಆದರೆ ಕೆಸರಿನಲ್ಲಿ ಪೈರು ನೆಟ್ಟು ಮುಗಿಸುವ ಹೊತ್ತನ್ನು ಅಕ್ಕಿಕಾಳಿನಷ್ಟು ಕೆಪಾಸಿಟರಿನಲ್ಲಿ ಅಳೆದಿಟ್ಟವನು ಯಾವ ಇಂಜಿನಿಯರಿಗೂ ಕಡಿಮೆಯವನಲ್ಲ ಎಂದು ಅವನಿಗೆ ಅನ್ನಿಸಿತು.

ಆರನೆಯವಳು ಕುಸುಮ. ಅಲ್ಲಿ ಜಗಳ ಹತ್ತಿತು.

"ಅವ್ಳ್ದು ಸಣ್ಣ ದನಿ. ಪೀಪಿ ಇದ್ದಂಗೆ," ಅಂದಳು ಸೋಮಮ್ಮ.

"ನಿಂಗೆಲ್ಲೋ ಮರ್ತೋಗದೆ. ದಪ್ಪ ದನಿ ಕುಸುಮುಂದು."

ಕುಸುಮ ಸಾಲಿಗೆ ಕೊನೆಯಲ್ಲಿ ಸೇರಿದವಳು, ಹದಿನೇಳರ ಹುಡುಗಿ. ಎರಡು ನಾಟಿ ಮಾಡಿ ಮಾರ್ಟಳ್ಳಿಗೆ ಮದುವೆಯಾಗಿ ಹೋದಳು. ಅಲ್ಲಿಂದ ಗಂಡನ ಜೊತೆ ತಮಿಳುನಾಡಿನ ಕಡೆ ಎಲ್ಲಿಗೋ. ಆಮೇಲೆ ಸುದ್ದಿಯಿಲ್ಲ. ಸತ್ತವರ ದನಿ ಇಬ್ಬರಿಗೂ ನೆನಪಿತ್ತು. ಬದುಕಿರಬಹುದಾದವಳದ್ದು ಇರಲಿಲ್ಲ. ಬಿಳಿಗಿರಿ ಒಬ್ಬಳು ಹೇಳಿದಂತೆ ತಿರುಗಿಸಿದರೆ ಇನ್ನೊಬ್ಬಳು ತಲೆಯಾಡಿಸುತ್ತಿದ್ದಳು. ಗಂಟೆ ಹನ್ನೆರಡಾಯಿತು. ಎರಡಕ್ಕೆ ಕರೆಂಟು ಹೋಗುತ್ತದೆಂದು ಸೋಮಮ್ಮನ ಮಗಳು ಅಂಗಡಿಯಿಂದಲೇ ಕೂಗಿದಳು.

"ಸರೀಗ್ ಹೇಳ್ರವ್ವ!" ಅವನಿಗೆ ತಡೆಯಲಿಲ್ಲ. "ಇಂಥಾದ್ದು ಅಂತ ಹೇಳುದ್ರೆ ತಾನೆ ಮಾಡದು?"

"ನಂಗೂ ಗ್ಯಾನ ಇಲ್ಲ ಕಣ್ ಮಗ," ಅಂದಳು ಚಿಕ್ಕನಿಂಗಮ್ಮ. "ಸುಳ್ ಹೇಳಿ ಯಾರ್ನೋ ಕೂರಿಸ್ಕಳದ್ ಬ್ಯಾಡ. ನೀನ್ ಮೊದ್ಲು ಮಾಡಿದ್ದಲ್ಲ, ಸಮವಾಗಿ? ಆರ್ನೇದ್ನ ಅಂಗೇ ಇಡು."

"ಅದು ಯಾರ್ ದನೀನೂ ಅಲ್ಲ."

"ಒಸಬ್ರು ಸಾಲಿಗ್ ಬಂದಾಗ ಮೊದಮೊದ್ಲು ಅಂಗೇ ಇರ್ತಾರೆ. ಕೆಸರ್ನಲ್ಲಿ ಕಡ್ಡಿ ಊರ್ದಂಗೆ ನೆಟ್ಟಗ್ ನಿಂತಿರ್ತಾರೆ, ಬಗ್ಗಕ್ ಬರಕಿಲ್ಲ. ನಾವೇನ್ ಓಡಿಸ್ತೀವಾ?" ಅವಳು ಅವನ ಕೈಲಿದ್ದ ಸ್ಕ್ರೂಡ್ರೈವರನ್ನು ನೋಡಿದಳು. "ಇಡು ಅಂತೀನಿ."

ಅವನು ಆ್ಯಪ್ ನೋಡಿಕೊಂಡು ಆರನೇ ಹಲಗೆಯನ್ನು ಸರಿಯಾಗಿ, ಕೂದಲಿನಷ್ಟೂ ಅತ್ತಿತ್ತ ಆಗದಂತೆ ಇಟ್ಟ. ಚಿಕ್ಕನಿಂಗಮ್ಮ ಬೆರಳು ಒರೆಸಿಕೊಂಡು ಆರು ಸಲ ಒತ್ತಿದಳು. ಬಿಸಿಲು ಹೊಳೆಯುವ ಸೋಮಮ್ಮ, ಮುನಿಸಿಕೊಂಡ ಶಿವನಂಜಮ್ಮ, ನೆಲದಂಥ ದೊಡ್ಡತಾಯಮ್ಮ, ಎಮ್ಮೆ ಕರೆಯುವ ಕೆಂಚಮ್ಮ, ತಡವಾಗಿ ಪುಟ್ಟಮಾದಮ್ಮ. ಕೊನೆಗೆ ಯಾರ ಗುರುತೂ ಇಲ್ಲದ ಒಂದು ನೆಟ್ಟನೆಯ ದನಿ, ಬಿಗಿದುಕೊಂಡು, ತುಟಿ ಕಚ್ಚಿಕೊಂಡು ನಿಂತ ಹಾಗೆ.

"ಸಿಡುಕ," ಅಂದಳು ಸೋಮಮ್ಮ. ಆಶಾರಾಣಿ ಬಿಳಿಗಿರಿಯ ಕಡೆ ನೋಡಿ ನಗು ಬಂದು ಬಾಯಿಗೆ ಸೆರಗು ಅಡ್ಡ ಹಿಡಿದಳು.

ಮುಳ್ಳೂರಿಗೆ ಹೋಗಿ ನಾಳೆ ಹಾಡು ಅಜ್ಜಿ ಎಂದು ಆಶಾರಾಣಿ ಹೇಳಿದ್ದಕ್ಕೆ ಮುದುಕಿ ಒಪ್ಪಲಿಲ್ಲ. ಬಂದವರನ್ನು ಕಾಯಿಸಬಾರದು ಅಂದಳು. ಅಂಗಡಿಯ ಷಟರ್ ಅರ್ಧ ಇಳಿಸಿದರು. ಸದ್ದಾಗುತ್ತದೆಂದು ಫ್ಯಾನ್ ನಿಲ್ಲಿಸಿದರು. ಆಶಾರಾಣಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ರೆಕಾರ್ಡಿಂಗ್ ಒತ್ತಿದಳು. ಚಿಕ್ಕನಿಂಗಮ್ಮ ಕೊರಳಿನ ಟವೆಲ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಗಂಟು ಸಣ್ಣ ನಿಂಬೆಹಣ್ಣಿನಷ್ಟಿತ್ತು. ಅವಳು ಬಾಯಿ ತೆರೆದಾಗ ಅದೂ ಮೇಲಕ್ಕೆ ಎದ್ದಿತು.

ದನಿ ಒಡೆದಿತ್ತು. ಮೊದಲ ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಜಾರಿತು. ಬೆರಳು ಒತ್ತಿದಳು. ಸೋಮಮ್ಮ ಬಂದು ಹಿಡಿದುಕೊಂಡಳು, ಮಷೀನಿನ ಸೋಮಮ್ಮ. ಪಕ್ಕದಲ್ಲಿ ಕೂತಿದ್ದವಳೂ ಹಲ್ಲಿಲ್ಲದ ಬಾಯಲ್ಲಿ ತನ್ನ ಮೂವತ್ತು ವರ್ಷದ ಹಿಂದಿನ ದನಿಯ ಜೊತೆಗೇ ಸೊಲ್ಲು ಎತ್ತಿದಳು. ಎರಡನೇ ಸಾಲು ಗಟ್ಟಿಯಾಯಿತು. ಹತ್ತನೆಯದರ ಹೊತ್ತಿಗೆ ಚಿಕ್ಕನಿಂಗಮ್ಮನ ನಡು ಕೂತಲ್ಲೇ ಇನ್ನಷ್ಟು ಬಗ್ಗಿತ್ತು, ಎಡಗೈ ನೆಲದ ಮೇಲೆ ಒಂದೊಂದು ಅಡಿ ಬಿಟ್ಟು ಏನನ್ನೋ ಊರುತ್ತಿತ್ತು. ಪದದಲ್ಲಿ ಗದ್ದೆಯ ಒಂದು ಮಡಿ ಮುಗಿಯಿತು, ಬದು ದಾಟಿದರು, ಇನ್ನೊಂದು ಮಡಿ ಶುರುವಾಯಿತು. ಉಸಿರು ಎಲ್ಲಿ ಸಾಲದೋ ಅಲ್ಲಿ ಬೆರಳು ಒತ್ತುತ್ತಿದ್ದಳು, ಯಾರೋ ಒಬ್ಬಳು ಬಂದೇ ಬರುತ್ತಿದ್ದಳು.

ಅರ್ಧ ಗಂಟೆಯ ಮೇಲೆ ಒಳಗೆ ಸೆಕೆ ಕುದಿಯತೊಡಗಿತು. ಬಿಳಿಗಿರಿಯ ಅಂಗಿ ಬೆನ್ನಿಗಂಟಿತು. ಬಿಚ್ಚಿದ ಮಷೀನಿನ ಪಕ್ಕದಲ್ಲೇ ಕೂತಿದ್ದ ಅವನಿಗೆ ಅದರ ಮೈ ಬಿಸಿಯೇರುವುದು ಗೊತ್ತಾಗುತ್ತಿತ್ತು. ಬಿಸಿಯೇರಿದರೆ ಈ ಹಳೆಯ ಹಲಗೆಗಳ ಶ್ರುತಿ ಜಾರುತ್ತದೆ, ಒಂದೊಂದು ಒಂದೊಂದು ಬಗೆಯಲ್ಲಿ. ಅದು ಅವನಿಗೆ ಗೊತ್ತಿದ್ದ ವಿಷಯವೇ. ಅಂಗಡಿಯಲ್ಲಿ ಅದಕ್ಕೆಂದೇ ಟೇಬಲ್ ಫ್ಯಾನ್ ಇಟ್ಟುಕೊಂಡು ಕೆಲಸ ಮಾಡಿದ್ದ. ಈಗ ಅವನ ಕಿವಿ ಆರನೆಯದಕ್ಕಾಗಿ ಕಾಯುತ್ತಿತ್ತು. ಸುತ್ತಿನಿಂದ ಸುತ್ತಿಗೆ ಅದು ಸರದಿಯಲ್ಲಿ ಬರುತ್ತಿತ್ತು, ನೆಟ್ಟಗೆ, ಒಂಟಿಯಾಗಿ.

ಒಂದು ಸುತ್ತಿನಲ್ಲಿ ಅದು ನೆಟ್ಟಗಿರಲಿಲ್ಲ. ಒಂದು ಎಳೆ, ಬರೀ ಒಂದು ಎಳೆ, ದೊಡ್ಡತಾಯಮ್ಮ ಇದ್ದ ಕಡೆಗೆ ಬಗ್ಗಿತ್ತು. ಮುಂದಿನ ಸುತ್ತಿನಲ್ಲಿ ಇನ್ನೊಂಚೂರು.

ಅವನ ಕೈ ತಾನಾಗಿಯೇ ಸ್ಕ್ರೂಡ್ರೈವರಿನ ಕಡೆ ಹೋಯಿತು. ಕಾಲು ಸುತ್ತು ಸಾಕು, ಸದ್ದೂ ಆಗುವುದಿಲ್ಲ. ಅಷ್ಟರಲ್ಲಿ ಚಿಕ್ಕನಿಂಗಮ್ಮ ಹಾಡುತ್ತಲೇ ಅವನ ಕಡೆ ನೋಡಿದಳು. ಬೆರಳು ಒತ್ತಿಯೇ ಇತ್ತು, ಆರನೆಯವಳು ನುಡಿಯುತ್ತಲೇ ಇದ್ದಳು.

ಬಿಳಿಗಿರಿ ಸ್ಕ್ರೂಡ್ರೈವರನ್ನು ಎತ್ತಿ ತನ್ನ ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತ. ಅದು ಚುಚ್ಚುತ್ತಿತ್ತು. ಪದ ಮುಗಿಯಲು ಇನ್ನೂ ಒಂದು ಮಡಿ ಬಾಕಿಯಿತ್ತು.